ಮಲಾಕ್ಕಾದ ಹಡಗಿಗೆ ಇಪ್ಪತ್ತು ನಿಮಿಷ

ನಮ್ಮ ಕಚೇರಿಯ ಐಟಿನರಿಯಲ್ಲಿ, ಅಂದರೆ ಪ್ರವಾಸದ ವೇಳಾಪಟ್ಟಿಯಲ್ಲಿ, ಮಲಾಕ್ಕಾದ ಹಡಗಿಗೆ ‘ಫೋಟೋ ಸ್ಟಾಪ್, ಇಪ್ಪತ್ತು ನಿಮಿಷ’ ಎಂದು ಬರೆದವರು ಆ ಹಡಗನ್ನೂ ನೋಡಿಲ್ಲ, ರಾಯಚೂರಿನ ಪ್ಯಾಕ್ಸ್‌ಗಳನ್ನೂ (ಪ್ರವಾಸಿಗರಿಗೆ ನಮ್ಮವರು ಹೇಳುವ ಹೆಸರು) ಕಂಡಿಲ್ಲ. ಮಲೇಷ್ಯಾ ಗುಂಪುಗಳ ಟೂರ್ ಮ್ಯಾನೇಜರ್ ಆಗಿ ನಾನೂ ಆ ಹಾಳೆಯನ್ನು ನಂಬಿಯೇ ನಡೆದೆ.

ನದಿಯ ದಡದಲ್ಲಿರುವ ಕಡಲ ವಸ್ತುಸಂಗ್ರಹಾಲಯವೇ ಒಂದು ಹಡಗು. ಪೋರ್ಚುಗೀಸರ ‘ಫ್ಲೋರ್ ದೆ ಲಾ ಮಾರ್’ ಎಂಬ ಯುದ್ಧನೌಕೆಯ ಈ ಪ್ರತಿಕೃತಿ 36 ಮೀಟರ್ ಉದ್ದ, 34 ಮೀಟರ್ ಎತ್ತರ, ಆದರೆ ಬರೀ 8 ಮೀಟರ್ ಅಗಲವಿದ್ದು, ನೆಲದ ಮೇಲೆಯೇ ನಿಂತಿದೆ. ಪಾದರಕ್ಷೆ ಕಳಚಿ ಹತ್ತಬೇಕು, ಒಳಗಿನ ಮೆಟ್ಟಿಲುಗಳು ಕಡಿದು. ಸಿಂಧನೂರು, ಮಾನ್ವಿ ಕಡೆಯ ಹಿರಿಯರೇ ತುಂಬಿದ್ದ ಗುಂಪಿಗೆ ಬಿಟ್ಟ ಚಪ್ಪಲಿ ಹುಡುಕಲೇ ಇಪ್ಪತ್ತು ನಿಮಿಷ ಸಾಲದು.

ಇಳಿಯುವ ಹೊತ್ತಿಗೆ ರಾಯಚೂರಿನ ನಿವೃತ್ತ ಮೇಷ್ಟ್ರೊಬ್ಬರು, “ನಮ್ಮ ಕೋಟೆಗೆ ತುಪಾಕಿ ಹಿಡಿದು ಬಂದವರೂ ಇವರೇ ಏನ್ರೀ?” ಎಂದು ಕೇಳಿದರು. “ಅವರು ಬೇರೆ ಸರ್, ಬೇಗ ಬರ್ರಿ” ಎಂದೆ. ಮೇಷ್ಟ್ರು ನನ್ನನ್ನೊಮ್ಮೆ ನೋಡಿ, ಮತ್ತೆ ಒಳಗೆ ಹೋದರು.

ಕೋಚಿನ, ಅಂದರೆ ನಮ್ಮ ಬಸ್ಸಿನ, ಬಳಿ ಹೆಡ್‌ಕೌಂಟ್ ಮಾಡಿದರೆ ಅರ್ಧ ಸೀಟು ಖಾಲಿ. ಚಾಲಕ ಎಂಜಿನ್ ಚಾಲೂ ಮಾಡಿಟ್ಟು ಹಾರ್ನ್ ಒತ್ತುತ್ತಿದ್ದ, ಲೋಕಲ್ ಗೈಡ್ ಕೈಗಡಿಯಾರ ತೋರಿಸುತ್ತಿದ್ದಳು, ಕೌಲಾಲಂಪುರದ ಹೋಟೆಲಿನಿಂದ ಊಟದ ವೌಚರ್ ಬಗ್ಗೆ ಎರಡನೆಯ ಕರೆ ಬಂದಿತ್ತು, ನಾನು ಕರೆದವರಲ್ಲಿ ಒಬ್ಬರೂ ಫೋನ್ ಎತ್ತುತ್ತಿರಲಿಲ್ಲ. ಮೆಟ್ಟಿಲಿನಿಂದ ಯಾರೋ ಬಿದ್ದಿರಬೇಕೆಂದೇ ಎಣಿಸಿ ಬರಿಗಾಲಲ್ಲಿ ಒಳಗೆ ಓಡಿದೆ.

ಕೆಳಗಿನ ಅಂತಸ್ತಿನಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದರು. 1502ರಲ್ಲಿ ಲಿಸ್ಬನ್ನಿನಲ್ಲಿ ಕಟ್ಟಿದ ಮೂಲ ನೌಕೆ 1510ರಲ್ಲಿ ಗೋವಾ, 1511ರಲ್ಲಿ ಮಲಾಕ್ಕಾ ಗೆದ್ದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕನ ಪಡೆಯಲ್ಲಿತ್ತು. ಸೋರುವ ಮುದಿ ಹಡಗೆಂದು ಗೊತ್ತಿದ್ದೂ ದೊಡ್ಡದೆಂಬ ಕಾರಣಕ್ಕೆ ಕೊಳ್ಳೆಯನ್ನೆಲ್ಲ ಅದಕ್ಕೇ ತುಂಬಿ ಹೊರಟಾಗ, ಸುಮಾತ್ರಾದ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು, ಆದರೆ ಅಲ್ಬುಕರ್ಕ್ ಬದುಕಿಕೊಂಡ. (ನಮ್ಮ ಐಟಿನರಿ ಬರೆಯುವವರ ಪೂರ್ವಜನೇ ಇರಬೇಕು.) ಅದೇ ಗೋವಾದಿಂದ ವಿಜಯನಗರಕ್ಕೆ ಕುದುರೆಗಳು ಬಂದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುದಾರರು ಗೋಡೆಯಿಂದ ಇಣುಕಿದವರನ್ನು ಹೊಡೆದುರುಳಿಸಿದರೆ, ರಾಯನ ಆಳುಗಳು ಕೆಳಗೆ ಕಲ್ಲು ಕಿತ್ತರು. ದಿನಾ ಆ ಗೋಡೆಯ ಪಕ್ಕದಲ್ಲೇ ಸ್ಕೂಟರ್ ಓಡಿಸುವ ಅಕ್ಕಿಗಿರಣಿ ಮಾಲೀಕರೊಬ್ಬರು ಬಾಯಿ ತೆರೆದು ಕೇಳುತ್ತಿದ್ದರು.

ಪ್ರಶ್ನೆಯನ್ನು ತಳ್ಳಿಹಾಕಿದರೆ ಹೊತ್ತು ಉಳಿದೀತೆಂಬ ನನ್ನ ಲೆಕ್ಕ ತಲೆಕೆಳಗಾಗಿತ್ತು. “ಹೌದು ಸರ್, ಅದೇ ದೇಶದವರು, ಕೋಚಿನಲ್ಲಿ ಎಲ್ಲರಿಗೂ ನೀವೇ ಮೈಕಿನಲ್ಲಿ ಹೇಳ್ರಿ” ಎಂದಿದ್ದರೆ ಮೇಷ್ಟ್ರೇ ಮುಂದಾಗಿ ಗುಂಪನ್ನು ಹತ್ತಿಸುತ್ತಿದ್ದರು. ಆಮೇಲೆ ಅದನ್ನೇ ಹೇಳಿದೆ. ಅಷ್ಟರಲ್ಲಿ ಊಟದ ಸ್ಲಾಟ್ ಹೋಗಿತ್ತು.

ಮರಳಿದ ಮೇಲೆ ಮ್ಯಾನೇಜ್‌ಮೆಂಟಿನವರು ಸಮಯಪಾಲನೆಯ ಬಗ್ಗೆ ಲಿಖಿತ ವಿವರಣೆ ಕೇಳಿದರೇ ಹೊರತು, ಫೀಡ್‌ಬ್ಯಾಕ್ ಫಾರಂಗಳಲ್ಲಿ ಹಡಗಿನ ಬಗ್ಗೆ ಇದ್ದುದನ್ನು ಓದಲಿಲ್ಲ. ಹಾಳೆಯಲ್ಲಿ ಈಗಲೂ ಇಪ್ಪತ್ತು ನಿಮಿಷವೇ ಇದೆ. ನಾನು ಮಾತ್ರ ಹೊರಡುವ ಮುನ್ನ ಹೋಟೆಲಿಗೆ ಫೋನ್ ಮಾಡಿ ಊಟದ ಸ್ಲಾಟನ್ನು ಒಂದು ಗಂಟೆ ಮುಂದಕ್ಕೆ ಹಾಕಿಸಿಕೊಳ್ಳುತ್ತೇನೆ.