ಹೊಸ ಸೆಲ್ಫ್ ಹಾಕಿಸಬಾರದಿತ್ತೇ?

ಬಳ್ಳಾರಿಯ ನಮ್ಮ ಮನೆಯ ಮುಂದೆ ನಿಲ್ಲುವ 1972ರ ಅಂಬಾಸಿಡರ್ ಮಾರ್ಕ್ 2 ಕಾರನ್ನು ನೋಡಲು ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಅದರ ಸ್ಟಾರ್ಟರ್ ಮೋಟಾರನ್ನು, ಅಂದರೆ ಸೆಲ್ಫನ್ನು ಬಿಚ್ಚಿ, ಒಳಗಿನದೆಲ್ಲ ಸರಿಪಡಿಸಿ, ಅದನ್ನೇ ಮತ್ತೆ ಕೂರಿಸಿದ್ದೇನೆ ಎಂದು ಗೊತ್ತಾದ ಮೇಲೆ ಎಲ್ಲರ ಪ್ರಶ್ನೆಯೂ ಒಂದೇ: "ಇಷ್ಟು ಒದ್ದಾಟ ಯಾಕೆ? ಹೊಸ ಸೆಲ್ಫ್ ತಂದು ಹಾಕಿಸಿದ್ದರೆ ಒಂದು ಗಂಟೆಯ ಕೆಲಸವಾಗಿತ್ತಲ್ಲ?" ನನ್ನ ತಮ್ಮನೇ ಇದನ್ನು ನಾಲ್ಕು ಸಲ ಕೇಳಿದ್ದಾನೆ. ಪ್ರತಿ ಸಲವೂ ಅರ್ಧಂಬರ್ಧ ಹೇಳಿ ಸುಮ್ಮನಾಗಿದ್ದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಆ ಮೋಟಾರಿನೊಳಗೆ ಸತ್ತದ್ದು ಏನೂ ಇರಲಿಲ್ಲ. ಸವೆದದ್ದು ಮಾತ್ರ ಇತ್ತು.

ಹಳೆಯ ಸೆಲ್ಫಿನೊಳಗೆ ಇರುವುದೇನು ಎಂದು ನೋಡಿದರೆ ಇದು ಅರ್ಥವಾಗುತ್ತದೆ. ದಪ್ಪ ಕಬ್ಬಿಣದ ಒಂದು ಕೊಳವೆ. ಅದರ ಒಳಮೈಗೆ ಪೋಲ್ ಶೂ ಎಂಬ ನಾಲ್ಕು ಕಬ್ಬಿಣದ ತುಂಡುಗಳು, ಅವನ್ನು ಅಯಸ್ಕಾಂತ ಮಾಡಲು ಸುತ್ತಿದ ಫೀಲ್ಡ್ ಕಾಯಿಲ್‌ಗಳು. ನಡುವೆ ತಂತಿ ಸುತ್ತಿದ, ತಿರುಗುವ ಆರ್ಮೇಚರ್, ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದನ್ನು ಒತ್ತಿಕೊಂಡು ಕರೆಂಟ್ ದಾಟಿಸುವ ನಾಲ್ಕು ಕಾರ್ಬನ್‌ಗಳು. ಎರಡು ತುದಿಗೂ, ಆರ್ಮೇಚರಿನ ದಂಡ ಕೂತು ತಿರುಗಲು, ಒಂದೊಂದು ಕಂಚಿನ ಬುಷ್. ಹೊರಗೆ, ಎಂಜಿನ್ನಿನ ಫ್ಲೈವೀಲ್ ಚಕ್ರದ ಸುತ್ತಲಿನ ರಿಂಗ್ ಗೇರಿನ ಹಲ್ಲುಗಳಿಗೆ ಹಾರಿ ಕಚ್ಚಿಕೊಳ್ಳುವ ಪುಟ್ಟ ಹಲ್ಲುಚಕ್ರ, ಬೆಂಡಿಕ್ಸ್ ಪಿನಿಯನ್. ಇಷ್ಟೇ. ಇದರಲ್ಲಿ ಸವೆಯುವುದಕ್ಕೆಂದೇ ಇಟ್ಟವು ಕಾರ್ಬನ್ ಮತ್ತು ಬುಷ್. ಸುಡದೆ ಉಳಿದ ತಾಮ್ರಕ್ಕೆ ಮುಪ್ಪಿಲ್ಲ, ಕಬ್ಬಿಣದ ಕೊಳವೆಗೂ ಇಲ್ಲ. ಎರಡು ಉದ್ದನೆಯ ಬೋಲ್ಟ್ ಬಿಚ್ಚಿದರೆ ಇಡೀ ಮೋಟಾರು ಕೈಗೆ ಬರುತ್ತದೆ. ಬಿಚ್ಚಿ ಸರಿಮಾಡಲಿ ಎಂದೇ ಮಾಡಿದ ವಸ್ತು ಅದು.

ನನ್ನ ಕಾರಿನ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಎಂಜಿನ್ ಚೆನ್ನಾಗಿ ತಿರುಗುತ್ತಿತ್ತು. ಮಧ್ಯಾಹ್ನ ಕೋಟೆಯ ಕಡೆ ಹೋಗಿ, ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಂದರೆ ಒಂದು ಸುತ್ತು ನರಳಿ ನಿಂತುಬಿಡುತ್ತಿತ್ತು. ಬಳ್ಳಾರಿಯ ಏಪ್ರಿಲ್ ಎಂದರೆ ನೆರಳಿನಲ್ಲೇ 40 ಡಿಗ್ರಿ. ಬಾನೆಟ್ಟಿನ ಕೆಳಗಿನ ಕಾವು ಎಷ್ಟಿರಬಹುದು ಎಂದು ಯೋಚಿಸಿ. ತಾಮ್ರದ ತಂತಿ 50 ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ಶೇಕಡಾ 20ರಷ್ಟು ಏರುತ್ತದೆ. ಆರೋಗ್ಯವಾಗಿರುವ ಸೆಲ್ಫ್ ಅದನ್ನು ತಡೆದುಕೊಳ್ಳುತ್ತದೆ, ಸೊರಗಿದ್ದು ತಡೆಯುವುದಿಲ್ಲ.

ಇಂಥ ಸಮಯದಲ್ಲಿ ಸೆಲ್ಫನ್ನು ಬೈಯುವ ಮುಂಚೆ, ಬ್ಯಾಟರಿ, ಗಾಡಿಯ ಮೈ, ಎಂಜಿನ್ ಇವನ್ನು ಸೇರಿಸುವ ಅರ್ಥಿಂಗ್ ಪಟ್ಟಿಯನ್ನು ನೋಡಬೇಕು. ಎಂಜಿನ್ ತಿರುಗಿಸುವಾಗ ಸೆಲ್ಫ್ 200 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.01 ಓಮ್ ರೋಧವಿದ್ದರೂ ಅಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ. 12 ವೋಲ್ಟಿನ ಬ್ಯಾಟರಿಗೆ ಅದು ದೊಡ್ಡ ನಷ್ಟ. ನಾನು ಎಂಜಿನ್ ಮೈಗೂ ಬ್ಯಾಟರಿಯ ಅರ್ಥ್ ಕಂಬಕ್ಕೂ ಮೀಟರ್ ಹಿಡಿದು, ತಮ್ಮನ ಕೈಯಲ್ಲಿ ಸೆಲ್ಫ್ ಹೊಡೆಸಿ ನೋಡಿದೆ. ಅರ್ಧ ವೋಲ್ಟೂ ಬೀಳಲಿಲ್ಲ. ತಪ್ಪು ಮೋಟಾರಿನದೇ ಎಂದು ಆಗ ಖಚಿತವಾಯಿತು.

ಮೊದಲು ಕೊಟ್ಟ ಅಂಗಡಿಯಲ್ಲಿ ಕೆಲಸ ಕೆಟ್ಟಿತು. ಹೆಸರು ಬೇಡ. ಅವರು ಕಾರ್ಬನ್ ಬದಲಿಸಿದರು, ಕಮ್ಯುಟೇಟರನ್ನು ಎಮರಿ ಕಾಗದದಿಂದ ಉಜ್ಜಿದರು, ತಾಮ್ರದ ಪಟ್ಟಿಗಳು ಒಂದಕ್ಕೊಂದು ತಾಗದಂತೆ ನಡುವೆ ಇಟ್ಟ ಮೈಕಾವನ್ನು ಬ್ಲೇಡಿನಿಂದ ಕೆತ್ತಿ ಗೀರು ಮಾಡಿದರು. ಮೂರು ತಿಂಗಳು ಓಡಿ, ಮತ್ತೆ ಅದೇ ನರಳಾಟ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಲ್ಲಿ ಮೈಕಾ ಕೆತ್ತಲೇಬೇಕು, ನಿಜ. ಲೂಕಾಸ್ ಮಾದರಿಯ ಈ ಹಳೆಯ ಸೆಲ್ಫಿನಲ್ಲಿ ಕೆತ್ತಬಾರದು. ಸೆಲ್ಫಿನ ಕಾರ್ಬನ್ನಿನಲ್ಲಿ ತಾಮ್ರದ ಅಂಶ ಹೆಚ್ಚು. ಉದುರಿದ ಪುಡಿ ಗೀರಿನಲ್ಲಿ ತುಂಬಿದರೆ ಅಕ್ಕಪಕ್ಕದ ಪಟ್ಟಿಗಳು ಒಂದಾಗಿಬಿಡುತ್ತವೆ. ಎಮರಿಯ ಕಣವೂ ತಾಮ್ರದಲ್ಲಿ ಹೂತು ಕಾರ್ಬನ್ನನ್ನು ತಿನ್ನುತ್ತದೆ. ನಯವಾದ ಗಾಜಿನ ಕಾಗದವೇ ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬುಷ್ ಕಡೆ ಅವರು ತಿರುಗಿಯೂ ನೋಡಿರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಆರಿಲ್ಲ.

ಎರಡನೆಯ ಸಲ ಕೌಲ್ ಬಜಾರಿನ ಒಬ್ಬ ಹಿರಿಯರ ಬಳಿ ಒಯ್ದೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅದಿರು ಲಾರಿಗಳ ಊರಾದ್ದರಿಂದ ಇಲ್ಲಿ ಸೆಲ್ಫ್ ಬಿಚ್ಚಿ ಕಟ್ಟುವ ಕೈಗಳು ಇನ್ನೂ ಉಳಿದಿವೆ. ಸಿರುಗುಪ್ಪದ ಕಡೆಯ ಭತ್ತದ ಗದ್ದೆಗಳ ಪಂಪ್‌ಸೆಟ್ಟುಗಳು ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವಿದ್ಯೆಯನ್ನು ಉಳಿಸಿವೆ. ಹಳೆಯ ಕಾರು ಇಟ್ಟುಕೊಂಡವರಿಗೆ ನಮ್ಮ ಜಿಲ್ಲೆ ಈ ವಿಷಯದಲ್ಲಿ ಪುಣ್ಯಭೂಮಿ.

ಚಾಚಾ ಆರ್ಮೇಚರನ್ನು ಹೊರಗೆಳೆದು, ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಕಡೆ ತೋರಿಸಿದರು. ಕಬ್ಬಿಣದ ಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. "ನೋಡಿ ಸರ್, ಬುಷ್ ಸವೆದು ಆರ್ಮೇಚರ್ ಕೆಳಗೆ ಬಿದ್ದಿದೆ. ಪೋಲ್ ಶೂಗೆ ಉಜ್ಜುತ್ತಿದೆ. ಇದಕ್ಕೆ ಎಷ್ಟು ಕಾರ್ಬನ್ ಹಾಕಿದರೂ ಏನು ಬಂತು?" ಎಂದರು. ಆಮೇಲೆ ಅದನ್ನು ಗ್ರೌಲರ್ ಎಂಬ, ಆರ್ಮೇಚರ್ ಪರೀಕ್ಷಿಸುವ ವಿದ್ಯುದಯಸ್ಕಾಂತದ ತೊಟ್ಟಿಲಿನಲ್ಲಿ ಮಲಗಿಸಿ ಸ್ವಿಚ್ ಹಾಕಿದರು. ಗುಂಯ್ ಎಂಬ ಸದ್ದು. ಹ್ಯಾಕ್ಸಾ ಬ್ಲೇಡೊಂದನ್ನು ಮೇಲೆ ಹಿಡಿದು ಆರ್ಮೇಚರನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತ ಹೋದರು. ಒಳಗೆ ಸುರುಳಿಗಳು ಒಂದಕ್ಕೊಂದು ಶಾರ್ಟ್ ಆಗಿದ್ದರೆ ಆ ಜಾಗದಲ್ಲಿ ಬ್ಲೇಡು ಅದುರುತ್ತದೆ. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಒಂದು ಸುತ್ತು ಪೂರ್ತಿಯಾಯಿತು, ಎಲ್ಲಿಯೂ ಅದುರಲಿಲ್ಲ. ಪರೀಕ್ಷೆಯ ಬಲ್ಬಾದ ಸೀರೀಸ್ ಲ್ಯಾಂಪಿನ ಒಂದು ತಂತಿ ಫೀಲ್ಡ್ ಕಾಯಿಲಿಗೆ, ಇನ್ನೊಂದು ಕೊಳವೆಗೆ ಹಿಡಿದರು. ಬಲ್ಬು ಹತ್ತಲಿಲ್ಲ, ಅಂದರೆ ಕರೆಂಟ್ ಕೊಳವೆಗೆ ಸೋರುತ್ತಿಲ್ಲ. ಫೀಲ್ಡೂ ಗಟ್ಟಿಯಾಗಿತ್ತು. ರಿವೈಂಡಿಂಗ್ ಬೇಕಾಗಲಿಲ್ಲ, ಕಾಯಿಲುಗಳ ಸಡಿಲ ಟೇಪು ಬಿಚ್ಚಿ ಹೊಸ ಹತ್ತಿಯ ಟೇಪು ಸುತ್ತಿ ವಾರ್ನಿಷ್ ಕುಡಿಸಿದರೆ ಸಾಕಾಯಿತು.

ಕಮ್ಯುಟೇಟರನ್ನು ಲೇತಿನಲ್ಲಿ ಹಿಡಿದು, ಆ ಬೇಡದ ಗೀರುಗಳು ಮಾಯವಾಗುವ ತನಕ ಎಳೆ ಎಳೆಯಾಗಿ ಹೆರೆದರು. ಕೂದಲಿನಂಥ ತಾಮ್ರದ ಸಿಪ್ಪೆ ಸುರುಳಿಯಾಗಿ ಬಿದ್ದಾಗ ಹೊಟ್ಟೆ ಉರಿಯಿತು. ಸರಿಯಾಗಿ ಮಾಡಿದ್ದರೆ ಇಷ್ಟು ತಾಮ್ರ ಕಳೆಯಬೇಕಾಗಿರಲಿಲ್ಲ.

ಅಂದೇ ಸಂಜೆ ಸೆಲ್ಫ್ ಒಯ್ಯಬಹುದು ಎಂದುಕೊಂಡಿದ್ದೆ. ಚಾಚಾ ಕೊಡಲಿಲ್ಲ. "ನಾಳೆ ಬನ್ನಿ. ಬುಷ್ ಎಣ್ಣೆ ಕುಡಿಯಬೇಕು" ಎಂದರು. ಈ ಕಂಚಿನ ಬುಷ್ ಪುಡಿಯಿಂದ ಒತ್ತಿ ಮಾಡಿದ್ದು, ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಹಾಕುವ ಮೊದಲು 24 ಗಂಟೆ ತೆಳುವಾದ ಎಂಜಿನ್ ಆಯಿಲಿನಲ್ಲಿ ಮುಳುಗಿರಬೇಕು. ಮುಂದೆ ವರ್ಷಗಟ್ಟಲೆ ಆ ಎಣ್ಣೆಯೇ ಅದನ್ನು ಕಾಯುತ್ತದೆ. ಅವಸರದಲ್ಲಿ ಒಣ ಬುಷ್ ಬಡಿದು ಕಳಿಸಿದರೆ ನೋಡಲು ಏನೂ ವ್ಯತ್ಯಾಸವಿರುವುದಿಲ್ಲ, ಸವೆತ ಮಾತ್ರ ಬೇಗ ಬರುತ್ತದೆ.

ಮರುದಿನ ಮೋಟಾರನ್ನು ವೈಸಿನಲ್ಲಿ ಬಿಗಿದು ಬ್ಯಾಟರಿ ಕೊಟ್ಟರು. ಕ್ಷಣಮಾತ್ರ. ಇದು ಫೀಲ್ಡ್ ಮತ್ತು ಆರ್ಮೇಚರ್ ಎರಡರಲ್ಲೂ ಒಂದೇ ಕರೆಂಟ್ ಹರಿಯುವ ಸೀರೀಸ್ ಮೋಟಾರು. ಭಾರವಿಲ್ಲದೆ ಬಿಟ್ಟರೆ ವೇಗ ಏರುತ್ತಲೇ ಹೋಗುತ್ತದೆ. ಕಾರಿಗೆ ಕೂರಿಸುವುದು ಎರಡು ಬೋಲ್ಟಿನ ಕೆಲಸ, ಡಿಸ್ಟ್ರಿಬ್ಯೂಟರಿನ ಕೆಳಗೆ ಕೈ ತೂರಿಸುವುದಷ್ಟೇ ಕಷ್ಟ. ಅದಕ್ಕೆ ಮುಂಚೆ ರಿಂಗ್ ಗೇರಿನ ಹಲ್ಲುಗಳನ್ನು ಟಾರ್ಚ್ ಹಾಕಿ ನೋಡಿದೆವು. ನಾಲ್ಕು ಸಿಲಿಂಡರಿನ ಎಂಜಿನ್ ಆರಿದಾಗ ಹೆಚ್ಚಾಗಿ ಎದುರುಬದುರಾದ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಹಲ್ಲು ಸವೆಯುವುದೂ ಅಲ್ಲಿಯೇ. ನಮ್ಮದರಲ್ಲಿ ಅಂಚು ತುಸು ಮೊಂಡಾಗಿತ್ತು, ಗಾಬರಿಪಡುವಂಥದ್ದಲ್ಲ.

ಹಾಗಾದರೆ ಹೊಸದು ಎಂದಿಗೂ ಬೇಡವೇ? ಹಾಗೇನೂ ಇಲ್ಲ. ಆರ್ಮೇಚರ್ ಸುಟ್ಟು ತಂತಿ ಹೊರಗೆ ಚೆಲ್ಲಿದ್ದರೆ, ಹೆರೆಯಲು ತಾಮ್ರವೇ ಉಳಿದಿಲ್ಲದಿದ್ದರೆ ಹೊಸದೇ ಸರಿ. ದಿನವೂ ಬಾಡಿಗೆಗೆ ಓಡುವ ಗಾಡಿಯನ್ನು ಎರಡು ದಿನ ನಿಲ್ಲಿಸಲಾಗದವರಿಗೂ ನಾನು ಬುದ್ಧಿ ಹೇಳಲಾರೆ. ಹಳೆಯದನ್ನು ಕೊಟ್ಟು ಸಿದ್ಧವಿರುವ ಇನ್ನೊಂದನ್ನು ಒಯ್ಯುವ ಪದ್ಧತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಗಟ್ಟಿ ಆರ್ಮೇಚರ್ ಹೋಗಿ ಯಾರದೋ ಸುಸ್ತಾದದ್ದು ಬರಬಹುದು, ಬಣ್ಣ ಬಳಿದ ಕೊಳವೆಯ ಮೇಲೆ ಅದು ಕಾಣುವುದಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿದೆ. ಕಾರಿನ ಜೊತೆಗೇ ಬಂದ ಭಾಗವನ್ನು ಕೈಬಿಟ್ಟರೆ ಅದೇ ಮತ್ತೆ ಸಿಗುವುದಿಲ್ಲ.

ಈಗ ಮಧ್ಯಾಹ್ನದ ಬಿಸಿಲಿನಲ್ಲೂ ಸೆಲ್ಫ್ ಒಂದೇ ಹೊಡೆತಕ್ಕೆ ತಿರುಗುತ್ತದೆ. ಉಳಿದಿರುವುದು ಧೂಳಿನ ಕಾಟ. ಸಂಡೂರಿನ ರಸ್ತೆಯ ಕೆಂಪು ಪುಡಿ ಬೆಂಡಿಕ್ಸಿನ ಸುರುಳಿ ಹಲ್ಲಿನಲ್ಲಿ ಸೇರಿದರೆ ಪಿನಿಯನ್ ಮುಂದಕ್ಕೆ ಜಾರದೆ, ಮೋಟಾರು ಮಾತ್ರ ಸುಯ್ಯೆಂದು ತಿರುಗುತ್ತದೆ. ಅಲ್ಲಿಗೆ ಗ್ರೀಸ್ ಹಚ್ಚಲೇಬಾರದು, ಧೂಳು ಇನ್ನಷ್ಟು ಅಂಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು ಒಣಗಿಸಿದರೆ ಸಾಕು. ಶಿವರಾತ್ರಿ ಕಳೆದ ಮೇಲಿನ ಭಾನುವಾರ ಆ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ, ತಮ್ಮನನ್ನೂ ಕರೆದಿದ್ದೇನೆ.