ಕಾರಾಪುರದ ಸಾಬು ಮುಂದೇನಾದ?

ಮೈಸೂರು, 14 ಜೂನ್ 2025, ಶನಿವಾರ

‘ಎಲಿಫೆಂಟ್ ಬಾಯ್’ ನೋಡಿ ಮುಗಿಸಿದೆ. 1937ರ ಬ್ರಿಟಿಷ್ ಸಿನಿಮಾ, ಕಪ್ಪು-ಬಿಳುಪು. ಬಹಳ ದಿನದಿಂದ ನೋಡಬೇಕು ಅಂತ ಇಟ್ಟುಕೊಂಡಿದ್ದೆ. ಕಥೆ ಕಿಪ್ಲಿಂಗ್‌ದು. ‘ಜಂಗಲ್ ಬುಕ್’ನಲ್ಲಿ ಬರುವ ಮಾವುತನ ಮಗ ತೂಮಾಯ್‌ನ ಕಥೆ. ಅದು ಅಷ್ಟೇನೂ ಗಟ್ಟಿ ಇಲ್ಲ. ಆದರೆ ಆ ಹುಡುಗ! ಶುರುವಿನಲ್ಲೇ ಪೇಟ ಸುತ್ತಿಕೊಂಡು ಬಂದು ಕ್ಯಾಮೆರಾ ನೋಡಿ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಸಿನಿಮಾಕ್ಕಾಗಿಯೇ ಕಲಿತ ಇಂಗ್ಲಿಷ್. ಹೊಸ ಚಪ್ಪಲಿ ಹಾಕಿಕೊಂಡವರು ನಡೆದ ಹಾಗೆ ಒಂದೊಂದೇ ಪದ ಇಡುತ್ತಾನೆ. ಆಮೇಲೆ ನಕ್ಕುಬಿಡುತ್ತಾನೆ. ಅಷ್ಟು ಸಾಕು.

ಆ ಹುಡುಗ ಸಾಬು. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದವನು. ಹುಟ್ಟಿದ್ದು 27 ಜನವರಿ 1924. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಅಪ್ಪ ಬೇಗ ತೀರಿಕೊಂಡ ಮೇಲೆ ಹುಡುಗ ಅರಮನೆಯ ಆನೆ ಲಾಯದಲ್ಲೇ ಬೆಳೆದ. ದಸರಾ ಆನೆಗಳ ಜೊತೆ ಬರುವ ಮಾವುತರು, ಕಾವಾಡಿಗಳನ್ನು ನೋಡಿದವರಿಗೆ ಆ ಬದುಕು ಗೊತ್ತಿರುತ್ತದೆ. ಹೆಚ್ಚಿನವರು ಮುಸ್ಲಿಮರು ಇಲ್ಲವೇ ಜೇನುಕುರುಬರು. ಮಕ್ಕಳು ಆನೆಯ ಕಾಲ ಬುಡದಲ್ಲೇ ಆಡಿಕೊಂಡಿರುತ್ತಾರೆ. ನಮಗೆ ಎದೆ ಝಲ್ ಅನ್ನುತ್ತೆ, ಅವರಿಗೆ ಏನೂ ಅನ್ನಿಸೋದಿಲ್ಲ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಹಿಮದ ನಾಡಿನ ‘ನಾನೂಕ್’ ಸಾಕ್ಷ್ಯಚಿತ್ರ ಮಾಡಿ ಹೆಸರಾಗಿದ್ದ ಮನುಷ್ಯ. ದುಡ್ಡು ಹಾಕಿದ್ದು ಲಂಡನ್ನಿನ ಅಲೆಗ್ಸಾಂಡರ್ ಕೋರ್ಡಾ. ಆನೆ ಕೊಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. ಕಿಪ್ಲಿಂಗ್ ಕಥೆ ನಡೆಯುವುದು ದೂರದ ಗಾರೋ ಬೆಟ್ಟಗಳಲ್ಲಿ. ಆದರೆ ಆನೆ ಹಿಡಿಯುವ ಖೆಡ್ಡಾ ಅಂದರೆ ಆಗ ಕಾಕನಕೋಟೆಯೇ ಅಲ್ವಾ. ಆನೆ ಲಾಯದಲ್ಲಿ ಸಾಬುವನ್ನು ಗುರುತಿಸಿದ್ದು ಕ್ಯಾಮೆರಾಮನ್ ಆಸ್ಮಂಡ್ ಬೊರಾಡೈಲ್.

ಫ್ಲಾಹರ್ಟಿಗೆ ಅವಸರ ಅನ್ನೋದೇ ಇರಲಿಲ್ಲ. ಕಾಡು, ಹೊಳೆ, ಆನೆ ಅಂತ ಶೂಟ್ ಮಾಡುತ್ತಾ ಹೋದ. ಲಂಡನ್ನಿನಲ್ಲಿ ಕೋರ್ಡಾಗೆ ತಾಳ್ಮೆ ಕೆಟ್ಟಿತು. ತಮ್ಮ ಜೋಲ್ಟಾನ್‌ನನ್ನು ಕೆಲಸಕ್ಕೆ ಹಚ್ಚಿದ. ಉಳಿದ ದೃಶ್ಯಗಳನ್ನು ಇಂಗ್ಲೆಂಡಿನ ಡೆನ್ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದರು. ಅದಕ್ಕಾಗಿ ಸಾಬುವನ್ನೂ ಅವನ ಅಣ್ಣನನ್ನೂ ಹಡಗು ಹತ್ತಿಸಿದರು. ಹುಡುಗನಿಗೆ ಆಗ ಹನ್ನೆರಡು. ಸಿನಿಮಾದಲ್ಲಿ ಈ ಎರಡು ತುಂಡು ಎಲ್ಲಿ ಸೇರುತ್ತವೆ ಅಂತ ಬರಿಗಣ್ಣಿಗೇ ಕಾಣುತ್ತೆ. ಮೈಸೂರಿನ ಬಿಸಿಲು ಒಂದು ಕಡೆ, ಸ್ಟುಡಿಯೋದ ದೀಪ ಇನ್ನೊಂದು ಕಡೆ. ಆದರೂ 1937ರ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ, ಜೋಲ್ಟಾನ್ ಇಬ್ಬರಿಗೂ ಸೇರಿಸಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟರು.

ನನಗೆ ಇವತ್ತು ಕಣ್ಣಿಗೆ ಚುಚ್ಚಿದ್ದು ಬೇರೆ. ತೂಮಾಯ್ ಮಾತ್ರ ಮೈಸೂರಿನವನು. ಅವನ ಅಪ್ಪನ ಪಾತ್ರ ಮಾಡಿದವನು ಡಬ್ಲ್ಯು. ಇ. ಹಾಲೋವೇ ಅನ್ನುವ ಬಿಳಿಯ. ಮಾಚುವಾ ಅಪ್ಪಾ ಅನ್ನುವ ಹಿರಿಯ ಬೇಟೆಗಾರನೂ ಬಿಳಿಯನೇ. ಎಲ್ಲರೂ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡಿದ್ದಾರೆ. ಆನೆ ಮೇಲೆ ಹಾಗೆ ಕೂರುವ ಬಿಳಿ ಹುಡುಗ ಸಿಗಲ್ಲ, ಅದಕ್ಕೆ ಸಾಬು ಬೇಕಾಯ್ತು. ದೊಡ್ಡವರ ಪಾತ್ರಕ್ಕೆ ಮಾತ್ರ ಒಂದು ಡಬ್ಬಿ ಬಣ್ಣ ಸಾಕು ಅಂದುಕೊಂಡರು. ಈ ಲೆಕ್ಕಾಚಾರ ಸಾಬುವನ್ನು ಬದುಕಿಡೀ ಬಿಡಲಿಲ್ಲ ಅನ್ನಿಸುತ್ತೆ.

ಇಂಗ್ಲೆಂಡಿನಲ್ಲಿ ಅವನನ್ನು ತಲೆ ಮೇಲೆ ಹೊತ್ತುಕೊಂಡರು. ಸ್ಕೂಲಿಗೆ ಸೇರಿಸಿದರು. 1938ರಲ್ಲಿ ಕಲರ್ ಸಿನಿಮಾ ‘ದಿ ಡ್ರಮ್’. ವಾಯವ್ಯ ಗಡಿಯ ಒಬ್ಬ ಪುಟ್ಟ ರಾಜಕುಮಾರ ಬ್ರಿಟಿಷರ ಪಕ್ಷ ವಹಿಸುವ ಕಥೆ. ಬಾಂಬೆ, ಮದ್ರಾಸಿನಲ್ಲಿ ಜನ ಬೀದಿಗಿಳಿದು ವಿರೋಧಿಸಿದರು. ಸರಿಯಾಗೇ ಮಾಡಿದರು, ಬಿಡಿ. ಹದಿನಾಲ್ಕು ವರ್ಷದ ಹುಡುಗನಿಗೆ ಈ ರಾಜಕೀಯ ಎಷ್ಟು ಅರ್ಥವಾಗಿತ್ತೋ.

1940ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನ ಅತಿ ದೊಡ್ಡ ಹಿಟ್. ಲಂಡನ್ನಿನಲ್ಲಿ ಶುರುವಾದದ್ದು, ಯುದ್ಧ ಬಂದು ಅಮೆರಿಕಕ್ಕೆ ಸಾಗಿತು. ಸಾಬುವೂ ಅಲ್ಲಿಗೇ ಹೋದ. 1942ರಲ್ಲಿ ‘ಜಂಗಲ್ ಬುಕ್’ ಸಿನಿಮಾದಲ್ಲಿ ಮೋಗ್ಲಿ ಆದ. ಆಮೇಲೆ ಮರಿಯಾ ಮೋಂಟೆಜ್ ಹೀರೋಯಿನ್ ಆಗಿದ್ದ ಕಲರ್ ಕಲರ್ ಸಿನಿಮಾಗಳು. ಅವುಗಳಲ್ಲಿ ಹೀರೋ ಜಾನ್ ಹಾಲ್. ಸಾಬು ಹೀರೋನ ಚುರುಕು ಗೆಳೆಯ. ವಯಸ್ಸು ಹದಿನೆಂಟು ದಾಟಿದರೂ ಮೈಮೇಲೆ ಅದೇ ಅರೆಬರೆ ಬಟ್ಟೆ, ಮುಖದಲ್ಲಿ ಅದೇ ತುಂಟ ನಗು.

1944ರಲ್ಲಿ ಅವನು ಅಮೆರಿಕದ ಪ್ರಜೆಯಾದ. ಸಾಮಾನ್ಯ ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಅಮೆರಿಕದ ಸೇನೆಯ ವಾಯುಪಡೆ ಸೇರಿ ಬಿ-24 ಲಿಬರೇಟರ್ ಬಾಂಬರ್‌ನಲ್ಲಿ ಗನ್ನರ್ ಆದ. ವಿಮಾನದ ಬಾಲದಲ್ಲಿ ಮೆಷಿನ್ ಗನ್ ಹಿಡಿದು ಕೂರುವ ಕೆಲಸ. ಶತ್ರುವಿನ ಫೈಟರ್ ವಿಮಾನ ಹಿಂದಿನಿಂದ ಬಂದರೆ ಮೊದಲು ಎದುರಾಗುವುದು ಅವನಿಗೇ. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ದಾಳಿಗೆ ಹೋಗಿ ಬಂದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು. ಯಾವ ಸಿನಿಮಾದವರೂ ಕೊಡದ ದೊಡ್ಡವರ ಪಾತ್ರ ಅವನಿಗೆ ಸಿಕ್ಕಿದ್ದು ಆ ವಿಮಾನದ ಬಾಲದಲ್ಲಿ.

ಯುದ್ಧ ಮುಗಿಸಿ ಬಂದವನಿಗೆ ಒಂದು ಒಳ್ಳೆಯ ಸಿನಿಮಾ ಸಿಕ್ಕಿತು. 1947ರ ‘ಬ್ಲ್ಯಾಕ್ ನಾರ್ಸಿಸಸ್’. ಹಿಮಾಲಯದ ಕ್ರೈಸ್ತ ಸಂನ್ಯಾಸಿನಿಯರ ಕಥೆ, ಆದರೆ ತೆಗೆದಿದ್ದು ಹೆಚ್ಚಾಗಿ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ. ಹಿಮದ ಬೆಟ್ಟಗಳೆಲ್ಲ ಪೇಂಟಿಂಗ್. ಸಾಬು ರೇಷ್ಮೆ ಬಟ್ಟೆ, ಒಡವೆ ಹಾಕಿಕೊಂಡ ಯುವ ಜನರಲ್. ಅವನು ಹಚ್ಚಿಕೊಂಡು ಬರುವ ಸೆಂಟಿನ ಹೆಸರೇ ಸಿನಿಮಾದ ಹೆಸರು. ಅವನ ಜೋಡಿಯಾದ ಪಹಾಡಿ ಹುಡುಗಿ ಯಾರು ಗೊತ್ತಾ? ಜೀನ್ ಸಿಮನ್ಸ್. ಮತ್ತೆ ಅದೇ ಕಂದು ಬಣ್ಣ! ಸಾಬು ಈ ಸಿನಿಮಾದಲ್ಲಿ ಚೆನ್ನಾಗಿದ್ದಾನೆ. ಆ ಜನರಲ್ ಸ್ವಲ್ಪ ಪೆದ್ದ, ಸ್ವಲ್ಪ ಜಂಬಗಾರ, ಆದರೂ ಪಾಪ ಅನ್ನಿಸುತ್ತಾನೆ. ಇಂಥ ಇನ್ನೂ ನಾಲ್ಕು ಪಾತ್ರ ಸಿಕ್ಕಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಸಿಗಲಿಲ್ಲ. 1948ರಲ್ಲಿ ಮದುವೆಯಾದ, ಎರಡು ಮಕ್ಕಳಾದವು. ಸಿನಿಮಾಗಳು ಸಣ್ಣವಾಗುತ್ತಾ ಹೋದವು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆ ಪ್ರದರ್ಶನ ಕೊಟ್ಟ. ಅದೇ ವರ್ಷ ವಿಟ್ಟೋರಿಯೋ ಡಿ ಸಿಕಾ ಜೊತೆ ಒಂದು ಇಟಾಲಿಯನ್ ಸಿನಿಮಾ ಬಂತು. ಅದರಲ್ಲಿ ಇವನು ಬಡ ಮೇಷ್ಟರಿಗೆ ಆನೆ ಉಡುಗೊರೆ ಕೊಡುವ ಸುಲ್ತಾನ. ಆನೆ ಇವನ ಬೆನ್ನು ಬಿಡೋದೇ ಇಲ್ಲ! ಕ್ಯಾಲಿಫೋರ್ನಿಯಾದಲ್ಲಿ ಅಣ್ಣನ ಜೊತೆ ಫರ್ನಿಚರ್ ಅಂಗಡಿ ಇಟ್ಟಿದ್ದ. ಆ ಅಣ್ಣ 1960ರಲ್ಲಿ ದರೋಡೆಯೊಂದರಲ್ಲಿ ಕೊಲೆಯಾದ. ‘ಸಾಬು ದಸ್ತಗೀರ್’ ಅಂತ ಎಲ್ಲರೂ ಬರೆಯುತ್ತಾರಲ್ಲ, ಆ ದಸ್ತಗೀರ್ ಈ ಅಣ್ಣನ ಹೆಸರು ಅಂತಾರೆ.

2 ಡಿಸೆಂಬರ್ 1963ರಂದು ಹೃದಯಾಘಾತದಿಂದ ಸಾಬು ತೀರಿಕೊಂಡ. ವಯಸ್ಸು ಬರೀ 39. ಕೊನೆಯ ಸಿನಿಮಾ ಡಿಸ್ನಿಯವರದ್ದು, ಹುಲಿಯ ಕಥೆ. ಅದು ತೆರೆಗೆ ಬಂದದ್ದು ಅವನು ಹೋದ ಮೇಲೆ. ಮಗ ಪಾಲ್ ರಾಕ್ ಸಂಗೀತಗಾರನಾದ. ಮಗಳು ಜಾಸ್ಮಿನ್ ಪ್ರಾಣಿಗಳನ್ನು ಪಳಗಿಸುವ ಕೆಲಸ ಹಿಡಿದಳು. ಮಾವುತನ ಮೊಮ್ಮಗಳು ಅಂತ ಬೇರೆ ಹೇಳಬೇಕಾ!

ಬಾಲನಟರ ಕಥೆ ಬಂದಾಗ ಜನ ಸುಮ್ನೆ ‘ಚಿಕ್ಕ ವಯಸ್ಸಲ್ಲೇ ಹೆಸರು ಬಂತು, ಹಾಳಾದ’ ಅಂದುಬಿಡುತ್ತಾರೆ. ಸಾಬು ಹಾಳಾಗಲಿಲ್ಲ. ಯುದ್ಧಕ್ಕೆ ಹೋದ, ಸಂಸಾರ ಮಾಡಿದ, ಅಂಗಡಿ ನಡೆಸಿದ. ಬೆಳೆದ ಸಾಬುವನ್ನು ಏನು ಮಾಡಬೇಕು ಅಂತ ಸಿನಿಮಾದವರಿಗೇ ಗೊತ್ತಾಗಲಿಲ್ಲ.

ಒಬ್ಬನಿಗೆ ಮಾತ್ರ ಗೊತ್ತಿತ್ತು. ಹಿಂದಿ ನಿರ್ದೇಶಕ ಮೆಹಬೂಬ್ ಖಾನ್. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನಿಗೆ ಸಾಬುವೇ ಬೇಕಿತ್ತು. ಸಾಲ ಕೊಟ್ಟ ಸಾಹುಕಾರನ ಮೇಲೆ ತಿರುಗಿಬಿದ್ದು ಡಕಾಯಿತನಾಗುವ ಮಗ. ಆನೆ ಇಲ್ಲ, ಪೇಟ ಇಲ್ಲ, ಮ್ಯಾಜಿಕ್ ಇಲ್ಲ. ಸಾಬು ಲಾಸ್ ಏಂಜಲೀಸಿನಿಂದ ಬಾಂಬೆಗೆ ಬಂದ. ಹೋಟೆಲಿನಲ್ಲಿ ಉಳಿದುಕೊಂಡ. ಮುಂಗಡ ಹಣವೂ ಕೈಗೆ ಬಂದಿತ್ತು. ಶೂಟಿಂಗ್ ತಡವಾಯಿತು. ಅಮೆರಿಕದ ಪ್ರಜೆ ಅಲ್ವಾ, ಭಾರತದಲ್ಲಿ ಕೆಲಸ ಮಾಡಲು ಪರ್ಮಿಟ್ ಬೇಕಿತ್ತು. ಅದು ಸಿಗುವುದೂ ಕಷ್ಟವಾಯಿತು. ಕೊನೆಗೆ ಅವನನ್ನು ಕೈಬಿಟ್ಟರು. ಪಾತ್ರ ಸುನೀಲ್ ದತ್‌ಗೆ ಹೋಯಿತು. ಭಾರತದ ಒಂದೇ ಒಂದು ಸಿನಿಮಾದಲ್ಲೂ ಸಾಬು ನಟಿಸಲಿಲ್ಲ.