ಐಸಿಯುನಲ್ಲಿ ಫಾರ್ಮಸಿಸ್ಟ್‌ಗೆ ಏನು ಕೆಲಸ?

ಗೋಕಾಕಿನ ನಮ್ಮ ಅತ್ತೆ ಸಿಕ್ಕಾಗಲೆಲ್ಲ ಕೇಳುತ್ತಾರೆ: "ಡಾಕ್ಟರ್ ಅದಾರ, ನರ್ಸ್ ಅದಾರ. ಐಸಿಯುದಾಗ ನೀ ಏನ ಮಾಡ್ತಿಯವಾ?" ಬೆಳಗಾವಿಯಲ್ಲಿ ರೋಗಿಗಳ ಮನೆಯವರೂ ಇದನ್ನೇ ಕೇಳುತ್ತಾರೆ. ಫಾರ್ಮಸಿಸ್ಟ್ ಅಂದ್ರೆ ಮೆಡಿಕಲ್ ಅಂಗಡಿಯವರು ಅಂತಲೇ ಎಲ್ಲರಿಗೂ ರೂಢಿ. ನಾನು ಓದಿದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ನಮ್ಮ ದೇಶದಲ್ಲಿ ಶುರುವಾಗಿದ್ದೇ 2008ರಲ್ಲಿ, ಆರು ವರ್ಷದ ಓದು.

ಔಷಧಿಯಲ್ಲಿ ಆಗುವ ತಪ್ಪನ್ನು ರೋಗಿಗೆ ಮುಟ್ಟುವ ಮೊದಲೇ ಹಿಡಿಯುವುದು ನನ್ನ ಕೆಲಸ.

ಚಿಕ್ಕೋಡಿ ಕಡೆಯ ಒಬ್ಬ ಅಜ್ಜನ ಕಥೆ ಹೇಳುತ್ತೇನೆ. ಕಿಡ್ನಿ ಕೈಕೊಟ್ಟಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಗುಳಿಗೆಗಳ ಚೀಲವನ್ನು ಮಗನಿಂದ ತರಿಸಿದೆ. ಒಂದು ಸ್ಟ್ರಿಪ್ ಊರಿನ ಡಾಕ್ಟರ್ ಕೊಟ್ಟಿದ್ದು, ಇನ್ನೊಂದು ಮೀರಜ್‌ನದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಮಾತ್ರ ಒಂದೇ ಬಿಪಿ ಔಷಧಿ, ಟೆಲ್ಮಿಸಾರ್ಟಾನ್. ಜೊತೆಗೆ ಮೊಣಕಾಲು ನೋವಿಗೆ ದಿನಾ ಡೈಕ್ಲೋಫೆನಾಕ್. ಮೂರೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. "ಎರಡೂ ಬ್ಯಾರೆ ಬ್ಯಾರೆ ಗುಳಗಿ ಅನ್ಕೊಂಡಿದ್ವಿರೀ ಮೇಡಂ" ಅಂದ ಮಗ. ಅವನದೇನು ತಪ್ಪು ಹೇಳಿ? ಕೇಸ್ ಶೀಟ್‌ನಲ್ಲೂ ಅವು ಎರಡು ಔಷಧಿ ಅಂತಲೇ ಇದ್ದವು. ಡಾಕ್ಟರ್ ಕೂಡಲೇ ಮೂರನ್ನೂ ನಿಲ್ಲಿಸಿದರು.

ಐಸಿಯುನಲ್ಲಿ ಮೈ ದಿನದಿನಕ್ಕೆ ಬದಲಾಗುತ್ತದೆ. ನಿನ್ನೆ ಸರಿಯಿದ್ದ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್‌ನ ಡೋಸ್, ಕಿಡ್ನಿ ಸೋತರೆ ಇವತ್ತು ಜಾಸ್ತಿಯಾಗುತ್ತದೆ. ಫಿಟ್ಸ್ ಬರಬಹುದು. ಹಾಗಾಗಿ ಡಾಕ್ಟರ್ ರೌಂಡ್ಸ್‌ಗೆ ಮುಂಚೆಯೇ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ, ನೋಡಿ ಡೋಸ್ ಲೆಕ್ಕ ಹಾಕುತ್ತೇನೆ. ಮೂಗಿನ ನಳಿಗೆಯಲ್ಲಿ ಗುಳಿಗೆ ಪುಡಿಮಾಡಿ ಹಾಕುವಾಗಲೂ ನೋಡಬೇಕು. ದಿನವಿಡೀ ನಿಧಾನವಾಗಿ ಕರಗಬೇಕಾದ ಬಿಪಿ ಗುಳಿಗೆಯನ್ನು ಕುಟ್ಟಿದರೆ ಪೂರ್ತಿ ಔಷಧಿ ಒಮ್ಮೆಲೇ ಒಳಗಿಳಿಯುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಅಂತೂ ನೋಡಲು ನೀರಿನ ಹಾಗೇ ಇರುತ್ತದೆ. ಸಲೈನ್‌ಗೆ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಅದನ್ನು ಬೇರೆ ಆಂಪೂಲ್‌ಗಳ ಜೊತೆ ಇಡಲು ನಾನು ಬಿಡುವುದೇ ಇಲ್ಲ.

ಇದು ನನ್ನೊಬ್ಬಳ ನಂಬಿಕೆಯಲ್ಲ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯು ರೌಂಡ್ಸ್‌ನಲ್ಲಿ ಫಾರ್ಮಸಿಸ್ಟ್ ಜೊತೆಗಿದ್ದಾಗ, ಔಷಧಿ ಬರೆಯುವ ಹಂತದ ತಪ್ಪುಗಳಿಂದ ಆಗುವ ಹಾನಿ ಶೇ. 66ರಷ್ಟು ಇಳಿಯಿತು. 1999ರಲ್ಲಿ ಬಂದ ಅಧ್ಯಯನ ಅದು.

ಅತ್ತೆಗೆ ನಾನು ಹೇಳುವುದಿಷ್ಟೇ. ಯಾರನ್ನಾದರೂ ಆಸ್ಪತ್ರೆಗೆ ಸೇರಿಸುವಾಗ ಮನೆಯ ಗುಳಿಗೆ ಚೀಲ ಹಾಗೇ ತನ್ನಿ. ಖಾಲಿ ಸ್ಟ್ರಿಪ್ ಕೂಡ, ಊರಿನ ನಾಟಿ ಔಷಧಿಯ ಪುಡಿ ಪೊಟ್ಟಣ ಕೂಡ.